ವಾಸನೆಯಿಲ್ಲದ ಧ್ಯಾನ

ನಮ್ಮೂರಿನಲ್ಲಿ ಧ್ಯಾನಕ್ಕೆ ಕೂತವರ ಮನಸ್ಸು ಎಲ್ಲಿದೆ ಅನ್ನುವುದು ಪಕ್ಕದಲ್ಲಿ ಕೂತವರ ಮೂಗಿಗೆ ಗೊತ್ತಾಗುತ್ತದೆ. ದೇವರ ಹೆಸರು ಹೇಳಿ ಕಣ್ಣು ಮುಚ್ಚಿದ ಸ್ವಲ್ಪ ಹೊತ್ತಿಗೆಲ್ಲ ವಾಸನೆ ಶುರುವಾಗುತ್ತದೆ. ಒಲೆಯ ಮೇಲೆ ಹಾಲಿಟ್ಟು ಬಂದವಳು ಕೂತರೆ ಹಾಲು ಸೀದ ವಾಸನೆ. ನಾಳೆ ತವರಿಗೆ ಹೊರಟವಳು ಕೂತರೆ ಬಸ್ಸಿನ ಡೀಸೆಲ್ ವಾಸನೆ. ಬಾಯಲ್ಲಿ ನಾಮ, ಕಣ್ಣೊಳಗೆ ಮೂರ್ತಿ ಇದ್ದರೂ ಅಷ್ಟೇ. ವಾಸನೆ ಬರುವುದು ಮೇಲಿನ ಯೋಚನೆಗಲ್ಲ, ಅದರ ಅಡಿಯಲ್ಲಿ ಕಾಲು ಚಾಚಿಕೊಂಡು ಕೂತಿರುತ್ತದಲ್ಲ, ಆ ಯೋಚನೆಗೆ. ಅವರವರ ವಾಸನೆ ಅವರವರಿಗೆ ಮಾತ್ರ ಬರುವುದಿಲ್ಲ.

ಹೀಗಾಗಿ ನಮ್ಮಲ್ಲಿ ಕೆಲವು ಮರ್ಯಾದೆಗಳು ತಾವಾಗಿಯೇ ಬೆಳೆದಿವೆ. ಯಾರಿಗೂ ಅವರ ವಾಸನೆ ಇಂಥದ್ದು ಎಂದು ಬಾಯಿಬಿಟ್ಟು ಹೇಳಬಾರದು. ಧ್ಯಾನದ ಹೊತ್ತಿನಲ್ಲಿ ಊದುಬತ್ತಿ ಹಚ್ಚಬಾರದು, ಅದು ಮೋಸ. ಹುಡುಗಿ ನೋಡಲು ಬಂದ ಗಂಡನ್ನು ದೇವರ ಮನೆಯಲ್ಲಿ ಒಂದು ಗಳಿಗೆ ಕೂರಿಸಿಯೇ ಹಾಲ್‌ಗೆ ಕರೆದುಕೊಂಡು ಬರುತ್ತಾರೆ. ಉಪ್ಪಿಟ್ಟಿನ ವಾಸನೆ ಬಂದರೆ ಹುಡುಗ ಒಳ್ಳೆಯವನು ಎಂದು ಅರ್ಥ. ಒಮ್ಮೆ ಹೊರಗಿನಿಂದ ಸ್ವಾಮಿಗಳೊಬ್ಬರು ಉಪನ್ಯಾಸಕ್ಕೆ ಬಂದಿದ್ದರು. ಮನಸ್ಸಿನ ವಾಸನೆಗಳನ್ನೆಲ್ಲ ಬೇರುಸಹಿತ ಕಿತ್ತುಹಾಕಬೇಕು ಎಂದು ಗಟ್ಟಿಯಾಗಿ ಹೇಳಿ, ನಮಗೆಲ್ಲ ಕಣ್ಣು ಮುಚ್ಚಲು ಹೇಳಿ, ತಾವೂ ಮುಚ್ಚಿದರು. ಭಜನಾ ಮಂದಿರದ ತುಂಬ ರೈಲ್ವೆ ಸ್ಟೇಷನ್ನಿನ ವಾಸನೆ ಹಬ್ಬಿತು. ನಾವು ಬೇಗಬೇಗ ಮಂಗಳಾರತಿ ಎತ್ತಿ, ಫಲತಾಂಬೂಲ ಕೊಟ್ಟು, ಆಟೋ ಹತ್ತಿಸಿದೆವು. ಈ ಊರಿನ ಜನ ಎಷ್ಟು ಸೂಕ್ಷ್ಮ ಎಂದು ಅವರು ದಾರಿಯುದ್ದಕ್ಕೂ ಹೊಗಳಿದರಂತೆ.

ಇಂಥ ಊರಿನಲ್ಲಿ ಭಾಗೀರಥಿ ಮನಶ್ಶಾಂತಿ ಹುಡುಕಲು ಹೊರಟಳು. ನನ್ನ ಓರಗೆಯವಳು, ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವಳು, ಅದಕ್ಕೇ ಏಕವಚನ. ಊರಿನ ಉಳಿದವರಿಗೆ ಅವಳು ಭಾಗೀರಥಿ ಟೀಚರು. ಹೈಸ್ಕೂಲಿನಲ್ಲಿ ಡ್ರಿಲ್ ಹೇಳಿಕೊಡುತ್ತಿದ್ದಳು. ಅವಳ ಶಿಳ್ಳೆಗೆ ಮಕ್ಕಳಷ್ಟೇ ಅಲ್ಲ, ರಸ್ತೆಯಲ್ಲಿ ಹೋಗುವ ಎಮ್ಮೆಗಳೂ ನಿಲ್ಲುತ್ತಿದ್ದವು. ರಿಟೈರ್ ಆದಮೇಲೆ ನಿಲ್ಲಿಸಲು ಯಾರೂ ಸಿಗದೆ, ಗಂಡ ನಾಗಭೂಷಣ ಒಬ್ಬರೇ ಉಳಿದರು. ಅವರು ಮೊದಲಿನಿಂದಲೂ ನಿಂತೇ ಇದ್ದವರು. ಭಾಗೀರಥಿಗೆ ಇದ್ದ ಅರೆಬರೆ ನಿದ್ದೆಯೂ ಹೋಯಿತು, ರಕ್ತದೊತ್ತಡ ಏರಿತು. ಡಾಕ್ಟರು ಮಾತ್ರೆ ಬರೆದು, "ಕೋಪ ಕಮ್ಮಿ ಮಾಡಿ ಟೀಚರ್, ಧ್ಯಾನಗೀನ ಮಾಡಿ" ಅಂದರು. ಅವರೂ ಅವಳ ಶಿಷ್ಯರೇ, ಹಾಗಾಗಿ ಮೇಜಿನ ಆ ಕಡೆಯಿಂದ ಹೇಳಿದರು.

ಧ್ಯಾನವನ್ನೂ ಅವಳು ಡ್ರಿಲ್ಲಿನ ಹಾಗೆಯೇ ಹಿಡಿದಳು. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಬೆನ್ನು ನೆಟ್ಟಗೆ ಮಾಡಿ, ವೇಣುಗೋಪಾಲನ ಪಟದ ಮುಂದೆ ಕೂತು, ಮನಸ್ಸಿಗೆ "ಸಾವಧಾನ್" ಅನ್ನುತ್ತಿದ್ದಳು. ಕಣ್ಣೊಳಗೆ ಕೃಷ್ಣನನ್ನು ಕಾಲಿನಿಂದ ಶುರುಮಾಡಿ ನವಿಲುಗರಿಯ ತನಕ ನಿಲ್ಲಿಸುತ್ತಿದ್ದಳು. ಕೃಷ್ಣ ಸ್ವಲ್ಪ ಸೊಂಟ ಬಾಗಿಸಿ ನಿಲ್ಲುವವನಾದ್ದರಿಂದ ಅದೊಂದು ಅವಳಿಗೆ ಕಿರಿಕಿರಿ. ಆಮೇಲೆ ಕಣ್ಣು ಬಿಟ್ಟು ಗಂಡನನ್ನು ಕೂಗುತ್ತಿದ್ದಳು.

"ಏನು ವಾಸನೆ ಬಂತು ಹೇಳ್ರೀ."

"ನೆಗಡಿ ಕಣೇ."

"ನಿನ್ನೇನೂ ನೆಗಡಿ ಅಂದ್ರಿ."

"ಅದೇ ನೆಗಡಿ ಇನ್ನೂ ಹೋಗಿಲ್ಲ."

ಅವಳು ಧ್ಯಾನ ಹಿಡಿದಾಗಿನಿಂದ ನಾಗಭೂಷಣರಿಗೆ ನೆಗಡಿ ಹೋಗಲೇ ಇಲ್ಲ. ಮನೆಯಲ್ಲಿ ತಪಾಸಣೆ ಆಗದು ಎಂದು ಖಾತ್ರಿಯಾದ ಮೇಲೆ ಭಾಗೀರಥಿ ಶನಿವಾರ ಸಂಜೆ ನಮ್ಮ ಭಜನಾ ಮಂಡಳಿಗೆ ಬರತೊಡಗಿದಳು. ನಾನು ಅಲ್ಲಿ ಹಾರ್ಮೋನಿಯಂ ನುಡಿಸುತ್ತೇನೆ. ಭಜನೆ ಮುಗಿದ ಮೇಲೆ ಎಲ್ಲರೂ ದೀಪ ಒಂದನ್ನೇ ಉಳಿಸಿ ಧ್ಯಾನಕ್ಕೆ ಕೂರುವುದು ವಾಡಿಕೆ. ಅವಳು ಬಂದ ಮೊದಲ ಶನಿವಾರವೇ, ನನ್ನ ಪಕ್ಕ ಕೂರುವ ಪ್ರಮೀಳಾಳ ಎಂದಿನ ಕಾಫಿಪುಡಿ ಘಮದ ನಡುವೆ, ಬೇರೆಯೇ ಒಂದು ವಾಸನೆ ಎದ್ದಿತು. ಹೊಲಿಗೆ ಮಿಷನ್ನಿನ ಎಣ್ಣೆ. ಜೊತೆಗೆ ಹೊಸ ಬಟ್ಟೆಯ ಗಂಜಿ, ಸೀಮೆಸುಣ್ಣದ ಪುಡಿ. ಯಾರ ಮನೆಯ ವಾಸನೆ ಅನ್ನುವುದು ಅಲ್ಲಿದ್ದ ಪ್ರತಿಯೊಬ್ಬಳಿಗೂ ಗೊತ್ತಾಯಿತು. ನಮ್ಮೆಲ್ಲರ ರವಿಕೆ ಹೊಲಿಯುವುದು ಒಬ್ಬಳೇ: ಭಾಗೀರಥಿಯ ತಂಗಿ ವಸುಮತಿ.

ಅಕ್ಕ ತಂಗಿಗೆ ಅಮ್ಮ ತೀರಿಹೋದಾಗಿನಿಂದ ಮಾತಿಲ್ಲ. ವಸುಮತಿ ಮದುವೆಯಾಗಲಿಲ್ಲ. ಹಾಸಿಗೆ ಹಿಡಿದ ಅಮ್ಮನನ್ನು ವರ್ಷಗಟ್ಟಲೆ ನೋಡಿಕೊಂಡವಳು ಅವಳೇ. ಭಾಗೀರಥಿ ಭಾನುವಾರ ಕಿತ್ತಳೆಹಣ್ಣು ತಂದು, ಬಾಗಿಲಲ್ಲಿ ನಿಂತೇ ಮಾತಾಡಿ, ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಹೊರಡುತ್ತಿದ್ದಳು. ಅಮ್ಮನ ಕೊನೆಯ ದಿನ ಅವಳು ಕಬಡ್ಡಿ ಟೀಮು ಕರೆದುಕೊಂಡು ಜಿಲ್ಲಾ ಪಂದ್ಯಕ್ಕೆ ಹೋಗಿದ್ದಳು. ಸುದ್ದಿ ಕೇಳಿ ಓಡಿಬಂದಾಗ ವಸುಮತಿ ಹೊಸಿಲಲ್ಲಿ ನಿಂತು ಒಂದೇ ಮಾತು ಹೇಳಿದಳು. "ಅಷ್ಟು ಓಡಿಬರೋದೇನೂ ಬೇಕಿರಲಿಲ್ಲ. ಅಮ್ಮ ನಿನ್ನನ್ನ ಕೇಳಲೇ ಇಲ್ಲ." ಭಾಗೀರಥಿ ಕೈಯಲ್ಲಿದ್ದ ಗೆದ್ದ ಕಪ್ಪನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತಿದ್ದಳು. ವೈಕುಂಠ ಸಮಾರಾಧನೆಯ ತನಕ ಕೆಲಸಕ್ಕೆ ಬೇಕಾದಷ್ಟು ಮಾತಾಡಿದರು. ಆಮೇಲೆ ಅದೂ ನಿಂತಿತು. ಭಾಗೀರಥಿ ಪಕ್ಕದೂರಿನ ದರ್ಜಿಯ ಹತ್ತಿರ ರವಿಕೆ ಹೊಲಿಸತೊಡಗಿದಳು. ಅವು ಭುಜದ ಹತ್ತಿರ ಎಳೆಯುತ್ತವೆ ಅನ್ನುವುದು ಎಲ್ಲರಿಗೂ ಕಾಣುತ್ತಿತ್ತು.

ಆ ಮೊದಲ ಶನಿವಾರದ ಸುದ್ದಿ ವಸುಮತಿಗೆ ಯಾರು ಮುಟ್ಟಿಸಿದರೋ ಗೊತ್ತಿಲ್ಲ. ಮುಂದಿನ ವಾರ ಅವಳೂ ಬಂದಳು. ಎಲ್ಲರಿಗಿಂತ ಹಿಂದೆ, ಚಪ್ಪಲಿ ಬಿಡುವ ಬಾಗಿಲ ಪಕ್ಕ ಕೂತಳು. ಅಲ್ಲಿಂದ ಒಂದು ವಾರವೂ ತಪ್ಪಿಸಲಿಲ್ಲ. ಪ್ರತಿ ಶನಿವಾರ ದೀಪ ಒಂದೇ ಉಳಿದ ಕೂಡಲೆ ಮುಂದಿನ ಸಾಲಿನಿಂದ ಮಿಷನ್ನಿನ ಎಣ್ಣೆ ವಾಸನೆ ಏಳುವುದು, ನಾವೆಲ್ಲ ಏನೂ ಗೊತ್ತಿಲ್ಲದವರಂತೆ ಕಣ್ಣು ಬಿಗಿಯಾಗಿ ಮುಚ್ಚುವುದು, ಮುಗಿದ ಮೇಲೆ ಭಾಗೀರಥಿ ಒಬ್ಬೊಬ್ಬರ ಮುಖವನ್ನೂ ಪರೀಕ್ಷೆಗೆ ನಕಲು ತಂದವರನ್ನು ನೋಡುವ ಹಾಗೆ ನೋಡುವುದು.

ಹೀಗೆ ನಡೆಯುತ್ತಿರುವಾಗ ಮಂಡಳಿಯ ಹಿರಿಯರು ಪುಟ್ಟಗೌರಮ್ಮನವರು ಒಂದು ದಿನ ತಾಳ ಕೆಳಗಿಟ್ಟು, "ನನಗೆ ಮಂಡಿ ಮಡಚೋಕಾಗಲ್ಲ. ಹಿಂದೆ ಕುರ್ಚಿ ಹಾಕ್ಕೊಂಡು ಕೂರ್ತೀನಿ. ಇನ್ನು ಯಾರಾದ್ರೂ ತಾಳ ಹಿಡೀರಿ. ಹಬ್ಬದೊಳಗೆ ಯಾರು ಅಂತ ಹೇಳ್ತೀನಿ" ಅಂದರು. ತಾಳ ಹಿಡಿಯುವವಳು ಮುಂದೆ ಕೂತು ನಾಮ ಹೇಳಿಕೊಡುವವಳು. ಹೆಂಗಸರ ನಡುವೆ ಗುಸುಗುಸು ಎದ್ದಿತು. ಧ್ಯಾನದಲ್ಲಿ ವಾಸನೆ ಬರದವಳಿಗೇ ಕೊಡುತ್ತಾರಂತೆ ಎಂದು ಒಬ್ಬಳು ಅಂದಳು. ಎರಡು ದಿನದಲ್ಲಿ ಅದು ಪುಟ್ಟಗೌರಮ್ಮನವರೇ ಹೇಳಿದ ಮಾತಾಯಿತು.

ಭಾಗೀರಥಿಗೆ ತಾಳ ಬೇಕಾಯಿತು. ತಾಳಕ್ಕಿಂತ ಹೆಚ್ಚಾಗಿ, ನಿನ್ನ ಮನಸ್ಸು ಈಗ ತಿಳಿಯಾಗಿದೆ ಎಂದು ಇನ್ನೊಬ್ಬರು ಹೇಳುವುದು ಬೇಕಾಯಿತು. ಅವಳು ಈರುಳ್ಳಿ ಬಿಟ್ಟಳು, ಬೆಳ್ಳುಳ್ಳಿ ಬಿಟ್ಟಳು. ಏಕಾದಶಿ ಹಿಡಿದಳು. ಜಪಮಣಿ ತಿರುಗಿಸಿ ತಿರುಗಿಸಿ ಹೆಬ್ಬೆರಳು ಕಪ್ಪಾಯಿತು. ನಾಗಭೂಷಣರು ಕದ್ದು ಈರುಳ್ಳಿ ಬಜ್ಜಿ ತಿಂದು ಬಂದ ದಿನ ಬಾಯಿ ಮುಕ್ಕಳಿಸಿ ಒಳಗೆ ಬನ್ನಿ ಎಂದು ಬಾಗಿಲಲ್ಲೇ ನಿಲ್ಲಿಸಿದಳು. ಇಷ್ಟಾದರೂ ರಾತ್ರಿ ನಿದ್ದೆ ಬರಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಪುಟ್ಟಗೌರಮ್ಮನವರ ಮನೆಗೆ ಹೋದಳು. ಅವರು ಅವರೆಕಾಯಿ ಸುಲಿಯುತ್ತಿದ್ದರು. ಇವಳೂ ಪಕ್ಕದಲ್ಲಿ ಕೂತು ಸುಲಿಯತೊಡಗಿದಳು.

"ಮನಸ್ಸನ್ನ ಹಿಡಿದು ಕೂರಿಸ್ತೀನಿ ಗೌರಮ್ಮನೋರೆ. ಹೇಗೋ ನುಣುಚಿಕೊಂಡು ಎದ್ದು ಹೋಗುತ್ತೆ."

"ಎಲ್ಲಿಗೆ ಹೋಗುತ್ತೆ?"

"ಅದು ಗೊತ್ತಿದ್ರೆ ಎಳ್ಕೊಂಡು ಬರ್ತಿರಲಿಲ್ವಾ?"

"ಯಾಕೆ ಎಳ್ಕೊಂಡು ಬರ್ತೀಯ?" ಪುಟ್ಟಗೌರಮ್ಮ ಒಂದು ಹುಳುಕು ಕಾಯಿ ತೆಗೆದು ಬೇರೆ ಇಟ್ಟರು. "ಹೋಗಲಿ ಬಿಡು. ಎಲ್ಲಿಗೆ ಹೋಗುತ್ತೋ ಅಲ್ಲಿಗೆ ಕೃಷ್ಣನನ್ನೂ ಜೊತೇಲಿ ಕಳಿಸು. ಅವನೇನು ನಿನ್ನ ದೇವರಮನೇಲಿ ಮಾತ್ರ ಇರ್ತೀನಿ ಅಂತ ಹಟ ಹಿಡಿದಿದಾನಾ? ದನ ಕಾಯೋಕೆ ಹೋದವನು ಅವನು."

ಭಾಗೀರಥಿಗೆ ಈ ಉತ್ತರ ಹಿಡಿಸಲಿಲ್ಲ. ಶಿಸ್ತೇ ಇಲ್ಲದ ಉತ್ತರ ಅನ್ನಿಸಿತು. ಸುಲಿದ ಕಾಳು ಅಲ್ಲೇ ಬಿಟ್ಟು ಎದ್ದು ಬಂದಳು.

ಆ ಹೊತ್ತಿಗೆ ಮಂಡಳಿಯಲ್ಲಿ ಇನ್ನೊಂದು ಮಾತು ಹರಡಿತ್ತು. ಎಲ್ಲರನ್ನೂ ಅಳೆದು ತೂಗಿ ನೋಡಿದರೆ, ವಾಸನೆಯೇ ಬರದವಳು ಒಬ್ಬಳೇ ಇದ್ದಾಳೆ, ಹಿಂದಿನ ಬಾಗಿಲ ಪಕ್ಕ ಕೂರುವ ವಸುಮತಿ. ಅವಳ ಅಕ್ಕಪಕ್ಕ ಕೂತವರಿಗೆ ಚಪ್ಪಲಿಯ ವಾಸನೆ ಬಿಟ್ಟರೆ ಬೇರೇನೂ ಬಂದದ್ದಿಲ್ಲ. ಎಷ್ಟು ತಿಳಿಮನಸ್ಸು ನೋಡು, ಅಮ್ಮನ ಸೇವೆ ಮಾಡಿದ ಪುಣ್ಯ ಅಂದರು ಕೆಲವರು. ಈ ಮಾತು ಭಾಗೀರಥಿಯ ಕಿವಿಗೆ ಬಿದ್ದಾಗ ಅವಳು ಕೈಯಲ್ಲಿದ್ದ ಲೋಟ ಕುಕ್ಕಿದ ರಭಸಕ್ಕೆ ಮಜ್ಜಿಗೆ ನಾಗಭೂಷಣರ ಕನ್ನಡಕದ ತನಕ ಹಾರಿತು. ಅವರು ಕನ್ನಡಕ ತೆಗೆದು ಒರೆಸುತ್ತ, "ಶಾಂತಿ, ಶಾಂತಿ" ಅಂದರು. ಮಂತ್ರ ಹೇಳಿದರೋ ಬುದ್ಧಿ ಹೇಳಿದರೋ ತಿಳಿಯದ ಹಾಗೆ ಹೇಳಿದರು.

"ಅವಳೇನೋ ಮೋಸ ಮಾಡ್ತಿದಾಳೆ ಕಣ್ರೀ. ಚಿಕ್ಕೋಳಿದ್ದಾಗ ಕಣ್ಣಾಮುಚ್ಚಾಲೆ ಆಡುವಾಗಲೂ ಹಾಗೇ."

ಮುಂದಿನ ಶನಿವಾರ ಬಂತು. ಭಜನೆ ಮುಗಿಯಿತು. ದೀಪ ಒಂದೇ ಉಳಿಯಿತು, ಎಲ್ಲರೂ ಕಣ್ಣು ಮುಚ್ಚಿದೆವು. ಕಾಫಿಪುಡಿ, ಎಣ್ಣೆ, ಯಾರದೋ ರಾತ್ರಿಗೆ ಮಾಡಬೇಕಾದ ಬಸ್ಸಾರು, ಎಲ್ಲ ಎಂದಿನಂತೆ ಬಂದು ತಮ್ಮ ತಮ್ಮ ಜಾಗದಲ್ಲಿ ನಿಂತವು. ಸ್ವಲ್ಪ ಹೊತ್ತಿಗೆ ಎಣ್ಣೆಯ ವಾಸನೆ ತಟಕ್ಕನೆ ನಿಂತಿತು. ನನಗೆ ಆಶ್ಚರ್ಯವಾಯಿತು. ಭಾಗೀರಥಿಗೆ ಕೊನೆಗೂ ಸಿದ್ಧಿಸಿತೇ ಅಂದುಕೊಂಡು ಒಂದು ಕಣ್ಣು ಚೂರೇ ತೆರೆದು ನೋಡಿದೆ. ಸಿದ್ಧಿಸಿರಲಿಲ್ಲ. ಅವಳು ಕಣ್ಣು ಬಿಟ್ಟಿದ್ದಳು, ಅಷ್ಟೇ. ಕಣ್ಣು ಬಿಟ್ಟು, ಕತ್ತು ತಿರುಗಿಸಿ, ಸಾಲುಸಾಲು ಮುಚ್ಚಿದ ಕಣ್ಣುಗಳ ಮೇಲಿಂದ ಹಿಂದಿನ ಬಾಗಿಲ ಕಡೆ ನೋಡಿದಳು. ಅಲ್ಲಿ ವಸುಮತಿ ಎರಡೂ ಕಣ್ಣು ಅಗಲವಾಗಿ ಬಿಟ್ಟುಕೊಂಡು ಕೂತಿದ್ದಳು. ನೋಡುತ್ತಿದ್ದದ್ದು ದೀಪವನ್ನಲ್ಲ, ದೇವರನ್ನೂ ಅಲ್ಲ. ಅಕ್ಕನ ಬೆನ್ನನ್ನು. ಬೆನ್ನು ತಿರುಗಿ ಮುಖವಾದಾಗ ಅವಳಿಗೆ ನೋಟ ಎಲ್ಲಿ ಇಡಬೇಕೋ ಗೊತ್ತಾಗಲಿಲ್ಲ.

"ವಸೂ!" ಅಂದಳು ಭಾಗೀರಥಿ. ಅವಳ ಪ್ರಕಾರ ಮೆಲ್ಲಗೆ. ನನ್ನ ಕೈ ಹಾರ್ಮೋನಿಯಂ ಮೇಲೆ ಬಿದ್ದು ಮೂರು ಸ್ವರ ಒಟ್ಟಿಗೆ ಕಿರುಚಿದವು. "ಕಣ್ಣು ಮುಚ್ಚು!"

ಅಷ್ಟು ವರ್ಷದ ಮೇಲೆ ಅಕ್ಕ ತಂಗಿಗೆ ಆಡಿದ ಮೊದಲ ಮಾತು ಅದು. ಎಲ್ಲರೂ ಕಣ್ಣು ಬಿಟ್ಟೆವು.

"ನೀನು ಮೊದಲು ಮುಚ್ಚು" ಅಂದಳು ವಸುಮತಿ.

"ನಾನು ಮುಚ್ಚೇ ಇದ್ದೆ. ನೀನು ಮೋಸ ಮಾಡ್ತಿದೀಯ. ಕಣ್ಣು ಬಿಟ್ಕೊಂಡು ಕೂತ್ರೆ ಯಾರಿಂದ ತಾನೇ ವಾಸನೆ ಬರುತ್ತೆ? ಇವರೆಲ್ಲ ನಿನ್ನನ್ನ ದೊಡ್ಡ ಯೋಗಿನಿ ಅಂತಿದಾರೆ!"

"ನಾನು ಹಾಗಂತ ಯಾರಿಗಾದ್ರೂ ಹೇಳಿದ್ನಾ?"

"ಮತ್ತೆ ಯಾಕೆ ಬರ್ತೀಯ ಇಲ್ಲಿಗೆ?"

ವಸುಮತಿ ಎದ್ದು ಸೆರಗು ಸಿಕ್ಕಿಸಿಕೊಂಡು ಚಪ್ಪಲಿ ಮೆಟ್ಟಿ ಹೊರಟೇಹೋದಳು. ಅವಸರದಲ್ಲಿ ಒಂದು ಕಾಲಿಗೆ ಪ್ರಮೀಳಾಳ ಚಪ್ಪಲಿ ಹಾಕಿಕೊಂಡು ಹೋಗಿದ್ದು ನಮಗೆ ಆಮೇಲೆ ಗೊತ್ತಾಯಿತು.

ಭಾಗೀರಥಿ ನಮ್ಮ ಕಡೆ ತಿರುಗಿದಳು. ಸೊಂಟದ ಮೇಲೆ ಕೈ ಇತ್ತು, ಆದರೆ ಮುಖದಲ್ಲಿ ಡ್ರಿಲ್ ಟೀಚರು ಇರಲಿಲ್ಲ. "ನೀವೆಲ್ಲ ಯಾಕೆ ಹೀಗೆ ನೋಡ್ತೀರಿ ನನ್ನನ್ನ? ಏನು ವಾಸನೆ ಬರುತ್ತೆ ನನ್ನಿಂದ? ಇವತ್ತು ಹೇಳಲೇಬೇಕು."

ನಾನು ಹಾರ್ಮೋನಿಯಂ ಮುಚ್ಚಳ ಹುಡುಕಿದೆ. ಪ್ರಮೀಳಾ ಸೂರು ನೋಡಿದಳು. ಹಿಂದಿನ ಕುರ್ಚಿಯಿಂದ ಪುಟ್ಟಗೌರಮ್ಮನವರ ದನಿ ಬಂತು.

"ಮಿಷನ್ ಎಣ್ಣೆ ಕಣೇ. ಹೊಲಿಗೆ ಮಿಷನ್ ಎಣ್ಣೆ. ನೀನು ಬಂದ ದಿನದಿಂದಲೂ ಅದೇ. ಒಂದು ವಾರವೂ ತಪ್ಪಿಲ್ಲ."

ಭಾಗೀರಥಿ ನಿಂತಲ್ಲೇ ನಿಂತಳು. ಯಾರೋ ಅವಳಿಗೇ ಶಿಳ್ಳೆ ಹೊಡೆದ ಹಾಗೆ. ಆಮೇಲೆ ಹೊರಗೆ ಹೋದಳು. ಪುಟ್ಟಗೌರಮ್ಮ ಕುರ್ಚಿಯಿಂದ ಎದ್ದು ಬಂದು ತಾಳ ಎತ್ತಿ ಪ್ರಮೀಳಾಳ ಮಡಿಲಿಗೆ ಹಾಕಿದರು. "ನನಗ್ಯಾಕೆ ಗೌರಮ್ಮನೋರೆ? ನನ್ನ ಮನಸ್ಸು ಬರೀ ಕಾಫೀಲಿರುತ್ತೆ" ಅಂದಳು ಅವಳು ಗಾಬರಿಯಾಗಿ. "ಇರಲಿ ಬಿಡು. ನಿನಗೆ ಲಯ ಇದೆ. ವಾಸನೆ ಬರಬಾರದು ಅಂತ ನಾನು ಯಾವಾಗ ಹೇಳಿದೆ?" ಅಂದರು ಅವರು.

ಅಲ್ಲಿಂದ ಮುಂದಿನದನ್ನು ನನಗೆ ಹೇಳಿದವಳು ವಸುಮತಿ, ರವಿಕೆಗೆ ಅಳತೆ ತೆಗೆಯುತ್ತ. ಭಾಗೀರಥಿಯೂ ಒಮ್ಮೆ ಹೇಳಿದಳು. ಅವಳು ಹೇಳಿದ್ದರಲ್ಲಿ ಅವಳು ಅಷ್ಟು ಅಳುವುದಿಲ್ಲ, ಉಳಿದದ್ದೆಲ್ಲ ಒಂದೇ.

ವಸುಮತಿ ದೀಪ ಹಚ್ಚುತ್ತಿದ್ದಳು. ಭಾಗೀರಥಿ ಬಾಗಿಲು ತಟ್ಟದೆ ಒಳಗೆ ಬಂದು, ಮಿಷನ್ನಿನ ಪಕ್ಕದ ಸ್ಟೂಲಿನ ಮೇಲಿದ್ದ ಬಟ್ಟೆ ರಾಶಿ ಎತ್ತಿ ಪಕ್ಕಕ್ಕಿಟ್ಟು ಕೂತಳು. ಸುತ್ತ ಅದೇ ಎಣ್ಣೆ, ಗಂಜಿ, ಸೀಮೆಸುಣ್ಣ. ಅವಳು ಒಮ್ಮೆ ಮೂಗು ಎಳೆದುಕೊಂಡಳು.

"ನಿನಗೆ ಗೊತ್ತಿತ್ತಾ?"

"ಇಡೀ ಊರಿಗೆ ಗೊತ್ತಿತ್ತು. ನನಗೆ ಗೊತ್ತಿರಲ್ವಾ?"

"ಅದಕ್ಕೇ ಬರ್ತಿದ್ಯಾ? ನನ್ನ ಮರ್ಯಾದೆ ಹೋಗೋದನ್ನ ನೋಡೋಕೆ?"

ವಸುಮತಿ ಬತ್ತಿ ಸರಿಮಾಡುತ್ತ ತಿರುಗದೆಯೇ ಹೇಳಿದಳು. "ಅಕ್ಕಾ, ವಾರಕ್ಕೊಂದು ಸಲ ನೀನು ನನ್ನನ್ನ ನೆನೆಸ್ಕೋತಿದ್ದೆ. ಅದನ್ನ ಬಿಟ್ರೆ ನನ್ನನ್ನ ನೆನೆಸ್ಕೊಳ್ಳೋರು ಇನ್ನು ಯಾರಿದಾರೆ? ರವಿಕೆ ಲೇಟಾದ್ರೆ ಮಾತ್ರ ನೆನೆಸ್ಕೋತಾರೆ. ನೀನು ಈರುಳ್ಳಿ ಬಿಟ್ಟೆ, ಏಕಾದಶಿ ಹಿಡಿದೆ ಅಂತ ಕೇಳಿದಾಗೆಲ್ಲ ನನಗೆ ಭಯ ಆಗ್ತಿತ್ತು. ಎಲ್ಲಿ ನಿನಗೆ ಶಾಂತಿ ಸಿಕ್ಕಿಬಿಡುತ್ತೋ ಅಂತ."

ಭಾಗೀರಥಿಗೆ ನಗಬೇಕೋ ರೇಗಬೇಕೋ ತಿಳಿಯಲಿಲ್ಲ. ಅವಳು ರೇಗುವುದನ್ನು ಆರಿಸಿಕೊಂಡಳು, ಅದು ಅಭ್ಯಾಸ. "ಇಷ್ಟೆಲ್ಲ ಇದ್ದೋಳು ಅವತ್ತು ಹಾಗೆ ಯಾಕಂದೆ? ಬಾಗಿಲಲ್ಲಿ ನಿಲ್ಲಿಸಿ! ಅಮ್ಮ ನನ್ನನ್ನ ಕೇಳಲೇ ಇಲ್ಲ ಅಂತ. ಆ ಮಾತು ಕೇಳಿದ ಮೇಲೆ ನಾನು ಒಂದು ರಾತ್ರೀನೂ ನೆಟ್ಟಗೆ ಮಲಗಿಲ್ಲ ಕಣೇ. ಮಾತ್ರೆ ತಗೊಂಡು ಮಲಗ್ತೀನಿ."

"ಕೇಳಲಿಲ್ಲ. ನಿಜವೇ ಹೇಳಿದೆ."

"ಮತ್ತೆ ಅದನ್ನೇ ಹೇಳ್ತೀಯಲ್ಲೇ!"

"ಪೂರ್ತಿ ಹೇಳಲಿಲ್ಲ, ಅದು ನನ್ನ ತಪ್ಪು." ವಸುಮತಿ ಈಗ ತಿರುಗಿದಳು. "ಅಮ್ಮನಿಗೆ ಕೊನೆಕೊನೆಗೆ ಗುರುತು ಸಿಗ್ತಿರಲಿಲ್ಲ. ನನ್ನನ್ನ ನೀನು ಅಂದ್ಕೊಂಡಿದ್ಲು. ಗಂಜಿ ಕುಡಿಸಿದ್ರೆ, ಸಾಕು ಭಾಗೂ. ಬೆನ್ನು ಒರೆಸಿದ್ರೆ, ಮೆಲ್ಲಗೆ ಭಾಗೂ. ಕೃಷ್ಣನ ನಾಮ ಹೇಳು ಭಾಗೂ, ನಿನ್ನ ದನಿ ಎಷ್ಟು ಮೆತ್ತಗಾಗಿದೆ ಭಾಗೂ. ಹಗಲೂ ರಾತ್ರಿ ಮಾಡಿದೋಳು ನಾನು. ವಸೂ ಅಂತ ಒಂದು ಸಲಾನೂ ಕರೀಲಿಲ್ಲ. ನಿನ್ನನ್ನ ಯಾಕೆ ಕೇಳ್ತಾಳೆ ಅಕ್ಕಾ? ಅವಳ ಪ್ರಕಾರ ನೀನು ಪಕ್ಕದಲ್ಲೇ ಕೂತಿದ್ದೆ."

ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಹೊಡೆದುಕೊಂಡು ಹೋದರು. ಭಾಗೀರಥಿ ಮಿಷನ್ನಿನ ಚಕ್ರದ ಮೇಲೆ ಕೈ ಇಟ್ಟುಕೊಂಡಿದ್ದಳು, ಅದು ಅವಳಿಗೆ ಗೊತ್ತಿಲ್ಲದೆಯೇ ಅರ್ಧ ಸುತ್ತು ತಿರುಗಿತು. ಇಬ್ಬರೂ ಅತ್ತರು. ಮೊದಲು ಬೇರೆಬೇರೆ, ಆಮೇಲೆ ಒಟ್ಟಿಗೆ. ನಡುವೆ ಭಾಗೀರಥಿ, "ಮೆಲ್ಲಗೆ ಒರೆಸಬೇಕಿತ್ತಪ್ಪ ನೀನು" ಅಂದಳು. ವಸುಮತಿ, "ಬಂದು ಒರೆಸಬೇಕಿತ್ತು ನೀನು" ಅಂದಳು.

"ನೀನು ಯಾಕೆ ಕಣ್ಣು ಮುಚ್ಚಲ್ಲ?" ಎಂದು ಕೇಳಿದಳು ಭಾಗೀರಥಿ, ಸೆರಗಿನಲ್ಲಿ ಮುಖ ಒರೆಸಿಕೊಂಡು. ರೇಗದೆ ಕೇಳಿದಳು.

"ಮುಚ್ಚಿದ್ರೆ ಏನು ವಾಸನೆ ಬರುತ್ತೆ ಅಂತ ನನಗೆ ಗೊತ್ತು. ಅಷ್ಟು ಜನರ ಮಧ್ಯೆ ಬೇಡ ಅಂತ."

"ಇಲ್ಲಿ ನಾನೊಬ್ಬಳೇ ತಾನೇ ಇರೋದು."

ಅಮ್ಮ ಪೂಜೆ ಮಾಡುತ್ತಿದ್ದ ಬೆರಳುದ್ದದ ಹಿತ್ತಾಳೆ ಕೃಷ್ಣ ದೀಪದ ಪಕ್ಕದಲ್ಲಿದ್ದ, ಸೊಂಟ ಬಾಗಿಸಿಕೊಂಡು. ಅದರ ಮುಂದೆ ಚಾಪೆ ಹಾಸಿ ಇಬ್ಬರೂ ಎದುರುಬದುರು ಕೂತರು. ವಸುಮತಿ ಕೈಮುಗಿದು, ನಾಮ ಹೇಳುತ್ತ, ಹೆದರಿಕೊಂಡು ಕಣ್ಣು ಮುಚ್ಚಿದಳು. ಮೊದಲು ಏನೂ ಬರಲಿಲ್ಲ. ಆಮೇಲೆ ಬೇವಿನೆಲೆ ಹಾಕಿ ಕಾಯಿಸಿದ ನೀರಿನ ವಾಸನೆ ಬಂತು. ಬಿಸಿ ಗಂಜಿ. ಬಿಸಿಲಿಗೆ ಹಾಕಿ ತಂದ ಹಾಸಿಗೆಯ ಹತ್ತಿ. ನೋವಿನ ಎಣ್ಣೆ. ಒಗೆದು ಒಗೆದು ಮೆದುವಾದ ನೂಲಿನ ಸೀರೆ, ಅದರೊಳಗೆ ಅಮ್ಮನ ಮೈಯ ವಾಸನೆ, ಹಾಗೇ. ಯಾರೋ ಸುಲಿದಿಟ್ಟು ತಿನ್ನದೇ ಬಿಟ್ಟ ಕಿತ್ತಳೆಯ ತೊಳೆ. ಮಿಷನ್ನು, ಬಟ್ಟೆರಾಶಿ ಎಲ್ಲ ಇದ್ದ ಹಾಗೇ ಇದ್ದವು, ಆದರೆ ಭಾಗೀರಥಿ ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದ ಆ ಕೋಣೆ ಅವಳ ಸುತ್ತ ಬಂದು ಕೂತಿತು.

ಅವಳು ಬೆನ್ನು ನೆಟ್ಟಗೆ ಮಾಡಲಿಲ್ಲ. ಮನಸ್ಸಿಗೆ ಏನೂ ಹೇಳಲಿಲ್ಲ. ಹಾಸಿಗೆಯ ಅಂಚು ಸರಿಮಾಡುವವಳ ಹಾಗೆ ಚಾಪೆಯ ಅಂಚನ್ನು ಮೆಲ್ಲಗೆ ಸವರುತ್ತ ಕೂತಳು. ತುಟಿಯ ಮೇಲೆ ಕೃಷ್ಣನ ನಾಮ ತಾನಾಗಿ ಬಂತು, ಯಾರಿಗೋ ನಿದ್ದೆ ಬರಿಸುವಷ್ಟು ಸಣ್ಣ ದನಿಯಲ್ಲಿ. ಎದೆಯ ಬಡಿತ ಯಾವಾಗಲೋ ನಿಧಾನವಾಗಿತ್ತು, ಅವಳು ಗಮನಿಸಲಿಲ್ಲ.

ಬಹಳ ಹೊತ್ತಾದ ಮೇಲೆ ವಸುಮತಿಗೆ ಕಾಲು ಜೋಮು ಹಿಡಿಯಿತು. ಕಣ್ಣು ಮುಚ್ಚಿಕೊಂಡೇ ಕೇಳಿದಳು. "ಅಕ್ಕಾ, ಸಾಕಾ? ಕಣ್ಣು ಬಿಡ್ಲಾ?"

"ಬೇಡ ಕಣೇ" ಅಂದಳು ಭಾಗೀರಥಿ. "ಇನ್ನೊಂಚೂರು ಹೊತ್ತು ಹಾಗೇ ಇರು. ನಾನು ಈಗ ತಾನೇ ಬಂದಿದೀನಿ."